ನಳಿಗೆಯೊಳಗಿನ ಹತ್ತಿ

ಉಷಾರಾಣಿಯಂಥ ಪುಕ್ಕಲು ಹೆಂಗಸು ಡಲ್ಲಾಸಿನ ಪಕ್ಕದ ರಿಚರ್ಡ್‌ಸನ್ನಿನ ಕನ್ನಡದವರಲ್ಲಿ ಇನ್ನೊಬ್ಬಳಿರಲಿಲ್ಲ. ಅದನ್ನು ಅವಳೇ ಒಪ್ಪಿಕೊಳ್ಳುತ್ತಿದ್ದಳು. ಮೈಸೂರು ಬಿಟ್ಟು ಆರು ವರ್ಷವಾಗಿದ್ದರೂ ಸುಂಟರಗಾಳಿಯ ಸೈರನ್ ಮೊಳಗಿದರೆ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಳ್ಳುವಳು. ಕಾರು ಡಲ್ಲಾಸಿನ ಫ್ರೀವೇ ಹತ್ತಿದೊಡನೆ ಕಣ್ಣು ಮುಚ್ಚಿ ರಾಯರನ್ನು ನೆನೆಯುವಳು. ಗಂಡ ವೇಣುಗೋಪಾಲ ದೊಡ್ಡ ಇಂಜಿನಿಯರು. ನಾಲ್ಕು ಜನ ಸೇರಿದಲ್ಲಿ ಅವಳ ಹೆದರಿಕೆಯನ್ನು ನಟಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಅದರಲ್ಲಿ ನಗುವಂಥದ್ದೇನಿತ್ತೋ ಆ ದೇವರಿಗೇ ಗೊತ್ತು.

1977ರಲ್ಲಿ ಈ ಮಹಾರಾಯ ಮನೆಗೊಂದು ಹಳೇ ಬಂದೂಕು ತಂದ. ಹಿತ್ತಲಾಚೆಯ ತೊರೆಯಿಂದ ಹಾವು ಬರುತ್ತವೆ ಎಂಬುದು ನೆಪ. ಕಿರುಬೆರಳಿಗಿಂತ ಸಣ್ಣ ಪಾಯಿಂಟ್ ಟೂ-ಟೂ ತೋಟಾ ಹಾಕುವ, ಯಾರದೋ ಮುತ್ತಾತನ ಕಾಲದ್ದು. ಅದನ್ನು ಕಪಾಟಿನಲ್ಲಿಟ್ಟ ದಿನದಿಂದ ಉಷಾರಾಣಿಗೆ ಆ ಕೋಣೆಯಲ್ಲಿ ನಿದ್ದೆ ಹತ್ತಲಿಲ್ಲ.

ಆಯುಧ ಪೂಜೆ ಬಂತು. ಕಾರು, ಹೊಲಿಗೆ ಯಂತ್ರ, ಸ್ಕ್ರೂಡ್ರೈವರ್, ಈಳಿಗೆಮಣೆ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಳು. ಬಂದೂಕಿನ ಮುಂದೆ ಕೂತಾಗ ಮಾತ್ರ ಕುಂಕುಮದ ಬಟ್ಟಲು ಕೆಳಗಿಟ್ಟಳು. ಗಂಡ ಇನ್ನೂ ಸ್ನಾನ ಮುಗಿಸಿರಲಿಲ್ಲ. ಗೆಜ್ಜೆವಸ್ತ್ರ ಮಾಡಿ ಮಿಕ್ಕಿದ್ದ ಹತ್ತಿಯನ್ನು ಗಂಧದಲ್ಲಿ ಅದ್ದಿ, ಉಂಡೆ ಕಟ್ಟಿ, ನಳಿಗೆಯ ಬಾಯಿಗೆ ತುರುಕಿ, ಹೆಣಿಗೆ ಕಡ್ಡಿಯಿಂದ ಒಳಕ್ಕೆ ತಳ್ಳಿದಳು. ಬಾಯಿ ಕಟ್ಟಿದರೆ ಗುಂಡು ಹೊರಗೆ ಬರುವುದು ಹೇಗೆ? ಪೂಜೆಯೂ ಆಯಿತು, ಪೀಡೆಯೂ ಕಳೆಯಿತು ಅಂದುಕೊಂಡಳು. ಗಂಧ ಒಣಗಿ ಕಲ್ಲಿನಂತಾಯಿತು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅದನ್ನೂ ನಟಿಸಿ ತೋರಿಸುತ್ತಿದ್ದ, ಬಿಡಿ.

ಆ ಶನಿವಾರ ಆಸ್ಟಿನ್‌ನಿಂದ ಗಂಡನ ಗೆಳೆಯ ಸತೀಶ ಬಂದ. ಬಂದೂಕಿನ ವಿಷಯ ಬಲ್ಲವನು. ಮೂವರೂ ಲಿಟಲ್ ಎಲ್ಮ್ ಕೆರೆಯ ಬಳಿ ಪರಿಚಿತರೊಬ್ಬರ ಜಮೀನಿಗೆ ಹೋದರು. ನೀರಿಗೆ ಬಿದ್ದ ಗುಂಡು ಚಿಮ್ಮಿ ಮೈಲಿಗಟ್ಟಲೆ ಹೋದೀತು ಎಂದು ಸತೀಶ ಎಚ್ಚರಿಸಿದ್ದರಿಂದ ವೇಣುಗೋಪಾಲ ಕೆರೆಗೆ ಬೆನ್ನು ಮಾಡಿ, ಮಣ್ಣಿನ ದಿಬ್ಬದ ಮುಂದೆ ಡಬ್ಬ ಇಟ್ಟು, ಕಿವಿಗೆ ರಬ್ಬರ್ ಬಿರಡೆ ಸಿಕ್ಕಿಸಿಕೊಂಡು ನಿಂತ. ಉಷಾರಾಣಿ ಕಾರಿನ ಹತ್ತಿರ ಪುಳಿಯೋಗರೆ ಬಡಿಸುತ್ತಿದ್ದಳು. ನಳಿಗೆಯ ಬಾಯಿ ಕಟ್ಟಿದೆಯಲ್ಲ ಎಂದು ನಿಶ್ಚಿಂತೆಯಾಗಿದ್ದಳು, ಪಾಪ.

"ಎಷ್ಟು ಹೇಳಿದ್ರೂ ಕೇಳಲ್ಲ ಅತ್ತಿಗೆ, ನಿಮ್ಮ ಯಜಮಾನ್ರು," ಎಂದ ಸತೀಶ ತಟ್ಟೆ ತೆಗೆದುಕೊಳ್ಳುತ್ತ. "ಅವನು ತಂದಿರೋದು ಈ ವರ್ಷ ಬಂದ ಹೊಸ ತೋಟಾ. ಸೆಕೆಂಡಿಗೆ ಸಾವಿರದ ಆರುನೂರು ಅಡಿ ಓಡತ್ತೆ. ಆ ಮುದಿ ಬಂದೂಕು ಮಾಡಿದ್ದು ನಿಧಾನದ ತೋಟಾಗೆ."

"ಜೋರಾಗಿ ಹೋದ್ರೆ ಏನಾಗತ್ತೆ?"

"ಈ ತೋಟಾದ ಬುಡದ ಅಂಚಲ್ಲೇ ಕಿಡಿ ಹೊತ್ತೋ ಮದ್ದು ಇರೋದು. ಅಂಚು ಜಜ್ಜಿದ್ರೇ ಸಿಡಿಯೋದು, ಅದಕ್ಕೇ ಹಿತ್ತಾಳೆ ತೆಳ್ಳಗಿರತ್ತೆ. ಒತ್ತಡ ಮಿತಿ ಮೀರಿದ್ರೆ ಬುಡ ಒಡೆದು ಬೆಂಕಿಗಾಳಿ ಹಿಂದಕ್ಕೆ ನುಗ್ಗತ್ತೆ, ನೇರ ಕಣ್ಣಿಗೆ. ಒಂದೆರಡು ಸಲ ಹೇಗೋ ತಡೆದೀತು ಅನ್ನಿ. ನಳಿಗೇಲಿ ಏನಾದ್ರೂ ಸಿಕ್ಕಿಕೊಂಡಿದ್ರೆ ಮಾತ್ರ ಮುಗೀತು ಕಥೆ."

ಉಷಾರಾಣಿಯ ಕೈಯ ಸೌಟು ಕೆಳಗೆ ಬಿತ್ತು. ಅಯ್ಯೋ, ಗಂಡನ ಕಣ್ಣು! ಅವನು ಕೂಗಳತೆಯಲ್ಲೇ ಇದ್ದ. "ರೀ!" ಎಂದು ಕಿರುಚಿದಳು. ಕಿವಿಗೆ ಬಿರಡೆ ಹಾಕಿಕೊಂಡವನಿಗೆ ಏನು ಕೇಳೀತು? ಅವನು ತೋಟಾ ತುಂಬಿ, ಬಂದೂಕನ್ನು ಕೆನ್ನೆಗೆ ಆನಿಸಿದ.

ಓಡಿದಳು. ಚಪ್ಪಲಿ ಕಿತ್ತುಹೋಯಿತು. ಅವನ ಬೆನ್ನ ಹಿಂದೆ ಬಂದವಳು ಹೆಗಲು ಹಿಡಿಯಲು ಕೈ ಚಾಚಿ ಹಾಗೇ ನಿಂತುಬಿಟ್ಟಳು. ಮುಟ್ಟಿದರೆ ಬೆಚ್ಚಿಬೀಳುತ್ತಾನೆ. ಬೆಚ್ಚಿದರೆ ಬೆರಳು ಎಳೆದುಬಿಡುತ್ತದೆ. ತಾನು ತುರುಕಿದ ಹತ್ತಿ, ತನ್ನ ಕೈಯಿಂದಲೇ ಅವನ ಮುಖ ಸುಟ್ಟಂತೆ! ಅವನನ್ನು ಬಳಸಿಕೊಂಡು ಮುಂದೆ ಹೋಗಿ, ಡಬ್ಬಕ್ಕೂ ಬಂದೂಕಿಗೂ ನಡುವೆ ಎರಡೂ ಕೈ ಎತ್ತಿ ನಿಂತಳು. ಒಂದು ಕಣ್ಣು ಮುಚ್ಚಿಕೊಂಡಿದ್ದ ವೇಣುಗೋಪಾಲ ತಕ್ಷಣ ಅಲುಗಲಿಲ್ಲ. ನಳಿಗೆಯ ತೂತು ಅವಳ ಎದೆಯನ್ನೇ ನೋಡುತ್ತಿತ್ತು. ಅವಳು ಈ ಸಲ ಕಣ್ಣು ಮುಚ್ಚಲಿಲ್ಲ.

ಬಂದೂಕು ಕೆಳಗಿಳಿಯಿತು.

"ಹತ್ತಿ... ಒಳಗೆ... ನಾನೇ," ಎಂದಳು. ಅಷ್ಟರಲ್ಲಿ ಓಡಿಬಂದ ಸತೀಶ ಬಂದೂಕು ಕಸಿದು, ತೋಟಾ ತೆಗೆದು, ನಳಿಗೆ ಒರೆಸುವ ಸಲಾಕೆ ತೂರಿಸಿ ಗುದ್ದಿದ. ಗಂಧ ಮೆತ್ತಿದ ಉಂಡೆ ಹುಲ್ಲಿನ ಮೇಲೆ ಉರುಳಿತು. ಅದನ್ನು ನೋಡಿ ವೇಣುಗೋಪಾಲ ಬಿರಡೆ ಕಿತ್ತೆಸೆದು ಅಲ್ಲೇ ಕುಸಿದು ಕೂತ.

"ಎದುರಿಗೆ ಯಾಕೆ ಬಂದ್ಯೇ? ನಾನು ಒತ್ತಿಬಿಟ್ಟಿದ್ರೆ?"

"ಬೇರೆ ಎಲ್ಲಿ ನಿಂತ್ರೂ ನಿಮ್ಮ ಕಣ್ಣಿಗೆ ಬೀಳ್ತಿರ್ಲಿಲ್ಲ ರೀ," ಎಂದಳು ಉಷಾರಾಣಿ. "ಅಲ್ಲಿ ನಿಂತ್ರೂ ನನ್ನ ನೋಡ್ತೀರೋ ಇಲ್ವೋ ಅಂತ, ಅದೊಂದೇ ಭಯ."