ಕೈ ಕಟ್ಟಿಸುತ್ತಿದ್ದ ದಯಾಮಣಿ ಆಂಟಿ

ದಯಾಮಣಿ ಆಂಟಿಯ ತರಬೇತಿ ಶುರುವಾಗುತ್ತಿದ್ದುದೇ ನಮ್ಮ ಕೈ ಕಟ್ಟಿಸುವುದರಿಂದ. ಎದೆಯ ಮೇಲಲ್ಲ, ಬೆನ್ನ ಹಿಂದೆ. ಬಿಳೇಕಹಳ್ಳಿಯ ತಮ್ಮ ಪುಟ್ಟ ಮನೆಯ ಅಡುಗೆಮನೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, "ಹತ್ತು ನಿಮಿಷ ಏನೂ ಮುಟ್ಬಾರ್ದು, ಬರೀ ನೋಡಿ" ಎನ್ನುತ್ತಿದ್ದರು. ಯಾರಾದರೂ ಒಂದು ಲೋಟ ಎತ್ತಿದರೂ ಸಾಕು, ಮೂವತ್ತು ವರ್ಷ ನರ್ಸ್ ಆಗಿ ದುಡಿದ ಗಂಟಲು ಏರುತ್ತಿತ್ತು. "ಮೊದ್ಲು ಕಣ್ಣು, ಆಮೇಲೆ ಬಾಯಿ, ಕೊನೇಗೆ ಕೈ!" ನೋಡು, ಕೇಳು, ಆಮೇಲೆ ಮಾಡು ಎಂದು ಅದರ ಅರ್ಥ.

ನಮ್ಮ ಚರ್ಚ್ ಸಭೆಯ ಯುವಜನರು ಪ್ರತಿ ಮೇ ತಿಂಗಳು ಒಂದು ವಾರ ಕನಕಪುರದ ಕಡೆಯ ಹಳ್ಳಿಗೆ ಹೋಗಿ ವಯಸ್ಸಾದವರ ಮನೆಗಳನ್ನು ಗುಡಿಸಿ, ಸುಣ್ಣ ಬಳಿದು ಬರುವುದು ಪದ್ಧತಿ. ಅದಕ್ಕೆ ಮುಂಚೆ ನಾಲ್ಕು ಭಾನುವಾರ, ಆರಾಧನೆ ಮುಗಿದ ಮೇಲೆ, ಆಂಟಿಯ ಪಾಠ. "ಹಾಡೆಲ್ಲಾ ಚೆನ್ನಾಗೇ ಹಾಡ್ತೀರಾ. ಪೊರಕೆ ಹಿಡಿಯೋಕೆ ಯಾರಿಗೆ ಬರುತ್ತೆ?" ಎಂದು ಪಾಸ್ಟರ್ ಎದುರಿಗೇ ಕೇಳುತ್ತಿದ್ದರು. ಪಾಸ್ಟರ್ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಮೊದಲ ವರ್ಷ ನಾನು ಆ ಪಾಠವನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ. ಹಳ್ಳಿಯಲ್ಲಿ ಕಣ್ಣು ಮಂಜಾಗಿದ್ದ ಕೆಂಪಮ್ಮ ಎಂಬ ಅಜ್ಜಿಯ ಅಡುಗೆಮನೆಯನ್ನು ಉಜ್ಜಿ ತೊಳೆದು, ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಫೋಟೋ ಕೂಡ ತೆಗೆದುಕೊಂಡೆ. ಸಂಜೆ ನೋಡಿದರೆ ಅಜ್ಜಿ ತನ್ನ ಮನೆಯಲ್ಲೇ ಬೆಂಕಿಪೊಟ್ಟಣಕ್ಕಾಗಿ ಗೋಡೆ ತಡವುತ್ತಿದ್ದಳು. ಆಂಟಿ ನನ್ನನ್ನು ಬೈಯಲಿಲ್ಲ. "ನೀನು ಕ್ಲೀನ್ ಮಾಡ್ಲಿಲ್ಲ ಶಾಲಿನಿ, ಅವ್ಳ ಕಣ್ಣು ಕಿತ್ಕೊಂಡೆ" ಎಂದರು, ಅಷ್ಟೇ. ಒಂದೊಂದನ್ನೂ ಅಜ್ಜಿಯ ಬಳಿ ಕೇಳಿ ಕೇಳಿ ಮೊದಲಿನ ಜಾಗದಲ್ಲೇ ಇಟ್ಟೆ. ಬೈದಿದ್ದರೇ ವಾಸಿಯಿತ್ತು.

ವರ್ಷಗಳು ಕಳೆದು ಆಂಟಿಯ ಮಂಡಿ ಸೋತ ಮೇಲೆ ತರಬೇತಿ ನನ್ನ ಹೆಗಲಿಗೆ ಬಂತು. ಮೊದಮೊದಲು ನಾಲ್ಕು ಭಾನುವಾರವೂ ನಡೆಸಿದೆ. ಆದರೆ ವಾರವಿಡೀ ಜಯನಗರದ ಬ್ಯಾಂಕಿನ ಕೌಂಟರ್, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಭಾನುವಾರ ಬಂದರೆ ನನಗೂ ಒಂದಿಷ್ಟು ಮಲಗಬೇಕು ಅನ್ನಿಸುತ್ತಿತ್ತು. ನಾಲ್ಕು ಎರಡಾಯಿತು. ಕಳೆದ ವರ್ಷ ಒಂದಕ್ಕೇ ಇಳಿಯಿತು. ಕೈ ಕಟ್ಟಿಸಲು ಹೊತ್ತು ಸಾಲದೆ, "ಮೊದಲು ಕಣ್ಣು" ಎಂದು ಬೋರ್ಡಿನ ಮೇಲೆ ಬರೆದು ಮುಗಿಸಿದೆ. ಅಭ್ಯಾಸಕ್ಕಿರಲಿ ಎಂದು ನಾಲ್ವರನ್ನು ಆಂಟಿಯ ಮನೆ ಗುಡಿಸಲು ಕಳಿಸಿದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಆಂಟಿಗೂ ಕಣ್ಣು ಮಂಜಾಗಿತ್ತು.

ಎರಡು ದಿನ ಬಿಟ್ಟು ನಾನು ಹೋದೆ. ಬೇಡವೆಂದರೂ ಕೇಳದೆ ಕಾಫಿ ಮಾಡಿಕೊಟ್ಟರು. ಒಂದು ಗುಟುಕು ಕುಡಿದೆ; ಉಪ್ಪು. ಲೋಟ ಕೆಳಗಿಟ್ಟ ಸದ್ದಿಗೇ ಅವರಿಗೆ ಗೊತ್ತಾಗಿ ಹೋಯಿತು.

"ಉಪ್ಪು ಬಿತ್ತಾ? ನಿನ್ನೆ ಪಲ್ಯಕ್ಕೆ ಸಕ್ಕರೆ ಬಿದ್ದಿತ್ತು," ಎಂದು ನಕ್ಕರು. "ಮಕ್ಳು ಎಲ್ಲಾ ಚೆನ್ನಾಗಿ ಜೋಡ್ಸಿದ್ದಾರೆ ಕಣೇ. ಪ್ರೀತಿಯಿಂದ ಮಾಡಿದ್ದಾರೆ, ಬೈಬೇಡ ಅವ್ರನ್ನ."

"ತಪ್ಪು ಅವರದಲ್ಲ ಆಂಟಿ. ನಾನೇ ಕಲಿಸ್ಲಿಲ್ಲ."

"ಸುಸ್ತಾಗಿದ್ದೀಯ, ಗೊತ್ತು. ನಂಗೂ ಆಗ್ತಿತ್ತು," ಎಂದರು.

ಎದ್ದು ಹೋಗಿ ಅವರ ಅಡುಗೆಮನೆಯಲ್ಲಿ ಬೆನ್ನ ಹಿಂದೆ ಕೈ ಕಟ್ಟಿ ನಿಂತೆ. "ಆಂಟಿ, ಉಪ್ಪು ಎಲ್ಲಿತ್ತು?"

"ಒಲೆಯ ಎಡಗಡೆ, ಕೆಳಗೆ. ಸಕ್ಕರೆ ಬಲಗಡೆ, ಮುಚ್ಚಳಕ್ಕೆ ದಾರ ಕಟ್ಟಿರೋದು."

ಒಂದೊಂದೇ ಕೇಳುತ್ತಾ ಇಟ್ಟೆ. ಕೊನೆಗೆ ಅವರೇ ಬಂದು ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡಿ, "ಹಾಂ, ಈಗ ನನ್ ಮನೆ" ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ನಾವು ಹಳ್ಳಿಯಲ್ಲಿ ಸುಣ್ಣ ಬಳಿಯುತ್ತಿದ್ದಾಗಲೇ ಅವರು ತೀರಿಕೊಂಡ ಸುದ್ದಿ ಬಂತು.

ಸಮಾಧಿಯಾದ ಮರುದಿನ, ಕೋಲಾರದಿಂದ ಬಂದಿದ್ದ ಅವರ ತಂಗಿ ಅಡುಗೆಮನೆ ಖಾಲಿ ಮಾಡಿಕೊಡು ಎಂದರು. ಉಪ್ಪು ಎಡಗಡೆ ಇತ್ತು, ದಾರ ಕಟ್ಟಿದ ಸಕ್ಕರೆ ಬಲಗಡೆ. ನನಗೆ ಗೊತ್ತಿಲ್ಲದಂತೆಯೇ ಕೈಗಳು ಬೆನ್ನ ಹಿಂದೆ ಹೋಗಿದ್ದವು. ನೋಡಿಯಾಗಿತ್ತು. ಇನ್ನು ಕೇಳಬೇಕಿತ್ತು. ಯಾರನ್ನು?

"ಯಾಕಮ್ಮಾ ಹಂಗೇ ನಿಂತಿದ್ದೀಯ? ತೆಗಿ ಎಲ್ಲಾ," ಎಂದರು ತಂಗಿ.