ಮೆಟ್ಟು ಕಚ್ಚಿದ ಗಾಯ

ಗೌಡನ ಕಣಕ್ಕೆ ಬೆಂಕಿ ಇಟ್ಟವಳು ನಾನು, ಈರಣ್ಣ. ಊರು ನಿನ್ನ ಹೆಸರಿಗೆ ಅಂಟಿಸಿದ ಬೆಂಕಿ ನಿನ್ನ ತಂಗಿಯದು. ನೀನು ಜೈಲಿನಲ್ಲಿ ಸತ್ತ ಎಷ್ಟೋ ವರ್ಷದ ಮೇಲೆ ಬರೆಯುತ್ತಿದ್ದೇನೆ — ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇಷ್ಟು ತಡವಾಗಿ ಕೆಲಸಕ್ಕೆ ಬಂದವು.

ಬೆಂಕಿ ಇಟ್ಟದ್ದಕ್ಕೆ ನನಗೆ ಇಂದಿಗೂ ದುಃಖವಿಲ್ಲ. ಅಪ್ಪ ಮೆಟ್ಟು ಮೆಟ್ಟಿಕೊಂಡು ತನ್ನ ಮನೆಯ ಮುಂದೆ ಹಾದನೆಂದು, ಗೌಡ ಅವೇ ಮೆಟ್ಟುಗಳನ್ನು ಅಪ್ಪನ ತಲೆಯ ಮೇಲೆ ಹೊರಿಸಿ ಯಲಬುರ್ಗಿಯ ದಾರಿಯವರೆಗೆ ನಡೆಸಿದ. ಅಪ್ಪ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಮತ್ತೆ ಏಳಲಿಲ್ಲ. ಆ ಮೆಟ್ಟುಗಳು ನಿನ್ನ ಕಾಲಿಗೆ ಬಂದವು. ನೀನು ನುಂಗಿಕೊಂಡೆ. ನಾನು —

ಅಂದು ಹೊಲಕ್ಕೆ ಬುತ್ತಿ ತಂದಿದ್ದೆ. ನೀನು ನೇಗಿಲು ಹಿಡಿದು ಆಚೆ ತುದಿಯಲ್ಲಿದ್ದೆ. ಉಳುವಾಗ ನಮ್ಮಲ್ಲಿ ಯಾರೂ ಮೆಟ್ಟುವುದಿಲ್ಲ. ನಿನ್ನ ಮೆಟ್ಟುಗಳು ಬದುವಿನ ಮೇಲಿದ್ದವು. ಪಕ್ಕದಲ್ಲೇ ಗೌಡನ ಕಣ, ಕಾವಲಿನವನು ಉಣ್ಣಲು ಹೋಗಿದ್ದ. ಕಣವೆಂದರೆ ಗುಡಿಯಿದ್ದಂತೆ, ಗೌಡನೂ ಅಲ್ಲಿ ಬರಿಗಾಲಲ್ಲೇ ಕಾಲಿಡಬೇಕು. ಅದಕ್ಕೇ — ಅದಕ್ಕೆಂದೇ ಅಪ್ಪನ ಮೆಟ್ಟು ಮೆಟ್ಟಿ, ಆಗಷ್ಟೇ ಸಗಣಿ ಸಾರಿಸಿದ್ದ ಹಸಿ ಕಣವನ್ನು ತುಳಿದೆ. ಕಾವಲಿನವನ ಒಲೆಯ ಕೊಳ್ಳಿಯನ್ನು ಬಣವೆಗೆ ಚುಚ್ಚಿದೆ. ಹಿಂದೆ ಕಟ್ಟಿದ್ದ ಎತ್ತುಗಳನ್ನು ನೋಡಲಿಲ್ಲ. ಅವುಗಳ ಕೂಗು... ಅದಕ್ಕೆ ಮಾತ್ರ...

ಮೆಟ್ಟುಗಳನ್ನು ಬದುವಿಗೆ ಮರಳಿಸಿದೆ. ಹೆಜ್ಜೆಗಳನ್ನು ಮರೆತೆ.

ಅವು ಅಳಿಯದಂತೆ ಗೌಡನ ಕಡೆಯವರು ಬುಟ್ಟಿ ಬೋರಲು ಹಾಕಿ, ಪೊಲೀಸ್ ಅಮೀನರನ್ನು ಕರೆಸಿದರು. ಬುಟ್ಟಿ ಎತ್ತಿದರೆ ಅಪ್ಪನ ಮೆಟ್ಟಿನ ಹಿಮ್ಮಡಿಗಿದ್ದ ತೇಪೆಯೂ ಮೂಡಿತ್ತು.

"ಯಾರ ಮೆಟ್ಟಲೇ ಇವು?" ಎಂದ ಗೌಡ.

"ನನ್ನವ ಅದಾವ್ರಿ. ಆದ್ರ ಗಳೇ ಹೊಡಿಯಾಗ ಯಾರ ಮೆಟ್ತಾರ್ರಿ, ಗೌಡ್ರ? ಬದುವಿನ ಮ್ಯಾಲ ಬಿಟ್ಟಿದ್ನಿ."

"ಹಂಗಾರ ತಾವ ನಡಕೋತ ಬಂದ್ವೇನಲೇ, ಬೀಡಿ ಹಚ್ಚಾಕ?"

ಮಂದಿ ನಕ್ಕರು. ನಕ್ಕವರೆಲ್ಲ ನೇಗಿಲು ಹಿಡಿದವರೇ. ನಿನ್ನ ಮಾತು ನಿಜವೆಂದು ಒಬ್ಬೊಬ್ಬನಿಗೂ ಗೊತ್ತಿತ್ತು.

ಆಗ ನೀನು ನನ್ನ ಕಾಲು ನೋಡಿದೆ. ನಮ್ಮಂಥ ಹೆಣ್ಣುಮಕ್ಕಳಿಗೆ ಮೆಟ್ಟು ಎಲ್ಲಿಯವು? ಎಂದೂ ಮೆಟ್ಟದ ಕಾಲಿಗೆ ಮೆಟ್ಟು ಕಚ್ಚಿ, ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತು ರಕ್ತ ಒಸರುತ್ತಿತ್ತು. ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ನೀನು ತಲೆ ತಗ್ಗಿಸಿದೆ.

"ನಾನ ಹಚ್ಚೀನ್ರಿ" ಎಂದೆ ನೀನು.

ನನ್ನ ಒಂದು ಮಾತು ಸಾಕಿತ್ತು. ಹೆದರಿದೆನೆಂದರೆ ಅದು ಅರ್ಧ ಸತ್ಯ. ಗೌಡನ ಮುಖ ಉರಿಯುವುದನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ — ಆ ಹಿಗ್ಗು ಇನ್ನಷ್ಟು ಹೊತ್ತು ಇರಲೆಂದು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ನಿನ್ನ ಕೈಗೆ ಬೇಡಿ ಬಿದ್ದಿತ್ತು. ಆಮೇಲೆ ಪ್ರತಿದಿನವೂ ನಾಳೆ ಹೇಳುತ್ತೇನೆ ಎಂದುಕೊಂಡೆ. ನಿನ್ನ ಹೆಣವನ್ನೂ ಅವರು ಕೊಡಲಿಲ್ಲ.

ಗೌಡ ಸತ್ತಿದ್ದಾನೆ. ಅವನ ಮಗ ನಿನ್ನ ಮಗನನ್ನು ಬೀದಿಯಲ್ಲಿ ನಿಲ್ಲಿಸಿ, "ಬೆಂಕಿ ಈರ್ಯಾನ ಮರಿ" ಎಂದು ಕರೆಯುತ್ತಾನೆ. ನಾಳೆ ಅದೇ ಕಣದಲ್ಲಿ ರಾಶಿಪೂಜೆ. ಅಂದು ನಕ್ಕವರೆಲ್ಲ ಬರುತ್ತಾರೆ. ಸಂತೆಯಿಂದ ಮೆಟ್ಟು ತಂದಿಟ್ಟುಕೊಂಡಿದ್ದೇನೆ. ಅಷ್ಟೂ ಬರಿಗಾಲುಗಳ ನಡುವೆ ಮೆಟ್ಟು ಮೆಟ್ಟಿಕೊಂಡೇ ಕಣಕ್ಕೆ ಇಳಿಯುತ್ತೇನೆ. ಬೆಂಕಿ ಯಾರದೆಂದು ಹೇಳುತ್ತೇನೆ. ನಕ್ಕವರ ಮುಖ ನೋಡಿ ಅವರವರ ಹೆಸರು ಹಿಡಿದು ಕೂಗುತ್ತೇನೆ — ಮೊದಲು ನನ್ನದು. ಬೇಡಿ ತಂದರೆ ತರಲಿ.

ಹೊಸ ಮೆಟ್ಟು ಕಚ್ಚುತ್ತವೆ, ಈರಣ್ಣ. ಈ ಸಲ ಕಾಲು ಮುಚ್ಚಿಕೊಳ್ಳುವುದಿಲ್ಲ.