ಏರಿಯತ್ತೆಯ ಗಾಜಿನ ಲೋಟ

ಸೂರ್ಯ ಇನ್ನೂ ಕಣ್ಣು ಬಿಟ್ಟಿಲ್ಲ. ಕೆರೆ ಏರಿಯ ಹಿಂಬದಿಯ ಬುಡದಲ್ಲಿ, ಕಲ್ಲಿನ ಸಂದಿಯಿಂದ ಬೆರಳು ದಪ್ಪದ ನೀರು ಜಿನುಗುತ್ತಿದೆ. ತಲೆಗೆ ಬಟ್ಟೆ ಸುತ್ತಿಕೊಂಡು, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲೊಂದು ಗಾಜಿನ ಲೋಟ. ಜಿನುಗು ನೀರಿಗೆ ಲೋಟ ಒಡ್ಡಿ, ತುಂಬಿದ ಮೇಲೆ ಆಕಾಶಕ್ಕೆ ಎತ್ತಿ ಹಿಡಿಯುತ್ತಾಳೆ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೋಡುತ್ತಾಳೆ. "ಸರಿಯಾಗಿದೀಯಮ್ಮ, ಇವತ್ತಿಗೆ ನಿನ್ನ ತಂಟೆ ಇಲ್ಲ" ಎಂದು ಏರಿಗೇ ಹೇಳಿ ನೀರು ಚೆಲ್ಲುತ್ತಾಳೆ. ದಾರಿಹೋಕರು ಕಂಡರೆ ಇವಳಿಗೆ ತಲೆ ಸರಿಯಿಲ್ಲ ಅಂದುಕೊಂಡಾರು. ಅಂದುಕೊಳ್ಳಲಿ ಬಿಡಿ. ಈ ಏರಿಯ ಕೆಳಗೆ ನೆಮ್ಮದಿಯಾಗಿ ಗೊರಕೆ ಹೊಡೆಯುವ ಅಷ್ಟೂ ಮನೆಗಳ ನಿದ್ದೆ ಆ ಲೋಟದ ನೀರಿನ ಮೇಲೆ ನಿಂತಿದೆ.

ಹೆತ್ತವರಿಟ್ಟ ಹೆಸರು ಅವಳ ಗಂಡನಿಗೂ ಥಟ್ಟನೆ ನೆನಪಾಗುವುದಿಲ್ಲ. ಊರಿಗೆಲ್ಲ ಅವಳು ಏರಿಯತ್ತೆ. ಮಣ್ಣಿನ ಏರಿಯನ್ನು ಕಾಯುವುದು, ರಿಪೇರಿ ಮಾಡುವುದು, ತೂಬಿನ ಬಾಗಿಲು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವುದು ಅವಳ ಕೆಲಸ. ಲೋಟದ ವಿದ್ಯೆ ಹೇಳಿಕೊಟ್ಟವಳು ನೀರಾವರಿ ಕಚೇರಿಯ ಇಂಜಿನಿಯರಮ್ಮ. ಅದನ್ನು ಅತ್ತೆ ಮುಚ್ಚಿಡುವುದಿಲ್ಲ. "ಆ ಮಹಾತಾಯಿ ಬಿಸಿಲಲ್ಲಿ ನನ್ ಜೊತೆ ಕೂತು ಕಲಿಸಿದ್ರು. ಮಣ್ಣಿನ ಏರಿ ಅಂದ್ಮೇಲೆ ಬೆವರತ್ತೆ. ಬೆವರು ತಿಳಿಯಾಗಿದ್ರೆ ಭಯ ಇಲ್ಲ. ಕಲಕಾಗಿ ಬಂತು ಅಂದ್ರೆ, ಬೆವರಿನ ಜೊತೆ ಮೈಯೂ ಕರಗ್ತಿದೆ ಅಂತ ಅರ್ಥ. ಒಳಗೊಳಗೇ ಕೊಳವೆ ಕೊರೆದುಬಿಡತ್ತೆ. ಆಮೇಲೆ ಅಯ್ಯೋ ಅನ್ನೋಕೂ ಪುರಸೊತ್ತು ಸಿಗಲ್ಲ."

ಲೋಟ ಮುಗಿದ ಮೇಲೆ ಗುದ್ದಲಿ. ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಇಲಿ ತೋಡಿದ ಬಿಲ, ಏಡಿ ಕೊರೆದ ತೂತು ಹುಡುಕಿ ಅಗೆದು, ಒದ್ದೆ ಜೇಡಿಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಾಳೆ. ಹುಲ್ಲನ್ನು ಮಗುವಿನ ಕೂದಲಿನಂತೆ ಸವರುವ ಅದೇ ಕೈ, ಮರದ ಸಸಿ ಕಂಡರೆ ಬುಡಸಮೇತ ಕೀಳುತ್ತದೆ. ಹುಲ್ಲು ಮಣ್ಣನ್ನು ಹಿಡಿಯುತ್ತದೆ. ಮರ ಸತ್ತರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಮಕ್ಕಳಿಗೆ ಹೇಳ್ತಾರಲ್ಲ, ನಾನು ಅಷ್ಟು ಕಾಯೋದೇ ಇಲ್ಲ" ಎಂದು ಕಿತ್ತ ಸಸಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಾಳೆ.

ಹಳೆಯ ಕಾವಲುಗಾರ ಕೆಲಸ ಬಿಟ್ಟಾಗ ಆ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಇವಳು ಬಂದಳು. ಹೆಂಗಸು ಏರಿ ಕಾಯ್ತಾಳಂತೆ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಮೊದಲ ಮಳೆಗಾಲದಲ್ಲೇ ಜಾರಿಬಿದ್ದು ಮಣಿಕಟ್ಟು ಮುರಿಯಿತು. ಅದು ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆ. ತೂಬಿಗೆ ಹಾಕಲು ಗ್ರೀಸ್ ಕೊಡಿ ಎಂದು ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆದವು. ಕೆಳಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಗಂಡ ಮಾತ್ರ ಒಂದು ದಿನವೂ ಬೇಡ ಅನ್ನಲಿಲ್ಲ. "ನನ್ ಹೆಂಡ್ತಿ ಬೆಳಗೆದ್ದು ಏರಿ ಮುಖ ನೋಡಿದ್ಮೇಲೇ ನನ್ ಮುಖ ನೋಡೋದು. ಏನ್ಮಾಡೋದು, ಅದು ನನಗಿಂತ ದೊಡ್ಡದು" ಎಂದು ದರ್ಜಿ ಸೂಜಿಗೆ ದಾರ ಪೋಣಿಸುತ್ತ ನಗುತ್ತಾನೆ.

ನಗಲಾಗದ ವಿಷಯ ಒಂದೇ ಒಂದಿತ್ತು: ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿಯಲೆಂದು ಏರಿಯ ಒಂದು ತುದಿಯಲ್ಲಿ ಬಿಟ್ಟ ತಗ್ಗು ಅದು. ಕೋಡಿ ಇಲ್ಲದಿದ್ದರೆ ನೀರು ಏರಿಯನ್ನೇ ಹತ್ತಿ ಇಳಿಯುತ್ತದೆ. ಮಣ್ಣಿನ ಏರಿ ಸಕ್ಕರೆ ಕರಗಿದಂತೆ ಕರಗುತ್ತದೆ. ಆದರೆ ಇಲ್ಲಿನ ಬೆಳೆಗಾರರಿಗೆ ಹರಿದುಹೋಗುವ ನೀರು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ಪ್ರತಿ ವರ್ಷ ಕೆರೆ ತುಂಬುವ ಹೊತ್ತಿಗೆ ಕೋಡಿಗೆ ಮಣ್ಣಿನ ಮೂಟೆ ಅಡ್ಡ ಇಟ್ಟು ಮೊಣಕಾಲುದ್ದ ನೀರು ಹೆಚ್ಚು ನಿಲ್ಲಿಸುತ್ತಿದ್ದರು. ಎರಡನೇ ಬೆಳೆಗೆ ಆಗುತ್ತದಲ್ಲ! ಅತ್ತೆ ಬೈದು ಮೂಟೆ ಎಳೆದು ಹಾಕುವುದು, ಅವರು ಮತ್ತೆ ಇಡುವುದು. ಏನೂ ಆಗದೆ ವರ್ಷಗಳು ಕಳೆದಿದ್ದವು. ಅದೇ ಅವರ ಧೈರ್ಯ. ಈ ಪಡೆಗೆಲ್ಲ ಮುಂದಾಳು ಯಾರು ಅಂತೀರಿ? ಅವಳ ಒಡಹುಟ್ಟಿದ ತಮ್ಮ! ಏರಿಯ ಕೆಳಗೆ ತರಕಾರಿ ಬೆಳೆಯುವವನು. ಹೋದ ವರ್ಷ ಅವನು ಅಕ್ಕನ ಕಾಟವೇ ಬೇಡವೆಂದು ಮೂಟೆ ಬಿಟ್ಟು ಕಲ್ಲು, ಸಿಮೆಂಟಿನಲ್ಲಿ ಗೋಡೆಯನ್ನೇ ಕಟ್ಟಿಬಿಟ್ಟ. ಅತ್ತೆಯ ದೂರಿಗೆ ಇಂಜಿನಿಯರಮ್ಮ ಬಂದು ಕೆಡವಲು ಹೇಳಿಹೋದರೂ ಅವನು ಜಪ್ಪಯ್ಯ ಅನ್ನಲಿಲ್ಲ. ಅಕ್ಕ ತಮ್ಮ ಮಾತು ಬಿಟ್ಟರು.

ಆಮೇಲೆ ಹಿಡಿಯಿತು ಮಳೆ. ಮೇಲಿನ ಗುಡ್ಡಗಳಲ್ಲಿ ಬಿಡದೆ ಸುರಿಯಿತು. ಕೆರೆ ತುಂಬಿ, ಗೋಡೆಯ ನೆತ್ತಿಗೂ ಬಂದು, ಏರಿಯ ಎದೆಮಟ್ಟಕ್ಕೆ ಏರತೊಡಗಿತು. ಬೆಳಗಾಗುತ್ತಲೇ ಅತ್ತೆ ಬುಡಕ್ಕೆ ಇಳಿದಳು. ಮೇಲೆ ನೀರು ಏರಿದಷ್ಟೂ ಒತ್ತಡ ಹೆಚ್ಚಿ, ಬೆರಳು ದಪ್ಪದ ನೀರು ತೋಳು ದಪ್ಪವಾಗಿತ್ತು. ಲೋಟ ಒಡ್ಡಿದಳು. ಚಹಾ ಬಣ್ಣ. "ನನ್ ಎದೆ ಧಸಕ್ ಅಂತು ನೋಡಿ. ಅತ್ತುಬಿಟ್ಟೆ. ಆಮೇಲೆ ಅಳೋಕೆ ಇದು ಹೊತ್ತಲ್ಲ ಅಂತ ಎದ್ದೆ."

ಮೊದಲು ತೂಬಿನ ತಿರುಗಣೆ ತಿರುಗಿಸಿ ಬಾಗಿಲು ಪೂರ್ತಿ ಎತ್ತಿದಳು. ಕಚೇರಿಗೆ ಫೋನ್ ಮಾಡಿದರೆ, ರಸ್ತೆ ಮೇಲೆ ನೀರು ಬಂದಿದೆ, ಬರುವುದು ತಡವಾಗುತ್ತದೆ ಎಂದರು. ಗಂಡನಿಗೆ ಫೋನ್ ಮಾಡಿದಳು: "ಅಂಗಡಿ ಹಾಳಾಗ್ಲಿ ರೀ. ಮಕ್ಕಳು ಮರಿ, ಮುದುಕರು ಮುದುಕಿಯರು, ಎಲ್ಲರನ್ನೂ ದಿನ್ನೆ ಮೇಲಿನ ಶಾಲೆಗೆ ಹತ್ತಿಸಿ." ದರ್ಜಿ ತಗಡಿನ ಡಬ್ಬ ಬಡಿಯುತ್ತ ಬೀದಿ ಬೀದಿ ಓಡಿದ. ಅತ್ತೆ ಲೋಟ ಹಿಡಿದುಕೊಂಡೇ ತಮ್ಮನ ಮನೆಗೆ ನಡೆದಳು.

ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಕಿಟಕಿಯ ಕೆಳಗೆ ಎರಡನೇ ಬೆಳೆಗೆಂದು ಎಬ್ಬಿಸಿದ ಸಸಿಗಳ ತಟ್ಟೆಗಳು ಸಾಲಾಗಿದ್ದವು.

"ಶುರುವಾಯ್ತಾ ನಿಂದು? ಪ್ರತಿ ವರ್ಷ ಅದೇ ರಾಗ ಅದೇ ತಾಳ," ಎಂದ, ತಲೆ ಎತ್ತದೆ.

ಅತ್ತೆ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ರಾಗ ಬೇಡ. ಇದನ್ನ ನೋಡು."

"ಏನಿದು?"

"ಏರಿ. ಲೋಟದಲ್ಲಿ ಬಂದಿದೆ. ಇನ್ನು ಸ್ವಲ್ಪ ಹೊತ್ತಿಗೆ ಪೂರ್ತಿ ಬರತ್ತೆ."

ಲೋಟದ ತಳದಲ್ಲಿ ಮಣ್ಣು ನಿಧಾನಕ್ಕೆ ಕೂರುತ್ತಿತ್ತು. ತಮ್ಮ ಅದನ್ನೇ ನೋಡಿದ. ಸಸಿಗಳ ಕಡೆ ನೋಡಿದ. "ಗೋಡೆ ಒಡೆದ್ರೆ ನಿಲ್ಲಿಸಿದ ನೀರೆಲ್ಲ ಹೋಗತ್ತೆ ಅಕ್ಕ. ಈ ವರ್ಷ ಎರಡನೇ ಬೆಳೆ ಇಲ್ಲ."

"ಹೌದು, ಇಲ್ಲ. ನನಗೂ ಸಂಕಟ ಆಗತ್ತೆ ಕಣೋ. ಆದ್ರೆ ಬೆಳೆ ಮುಂದಿನ ವರ್ಷ ಬರತ್ತೆ. ನಿನ್ ಮಕ್ಕಳು ಮಲಗೋ ಕೋಣೆ ಬರತ್ತಾ?"

ಅವನು ಎದ್ದ. ಬಾಗಿಲ ಹಿಂದಿದ್ದ ಹಾರೆ ತೆಗೆದುಕೊಂಡು ಮಳೆಗೆ ಇಳಿದ.

ಕೋಡಿಯಲ್ಲಿ ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾನು ಕಟ್ಟಿದ ಗೋಡೆಯನ್ನು ತಾನೇ ಬದಿಯಿಂದ ಮೀಟುತ್ತಿದ್ದರೆ, ಹಿಂದೆ ಅವನ ಜೊತೆಗಾರರು ಹಗ್ಗ ಹಿಡಿದು ನಿಂತಿದ್ದರು. ಒಳ್ಳೆ ಗಟ್ಟಿಯಾಗಿಯೇ ಕಟ್ಟಿದ್ದ ಪುಣ್ಯಾತ್ಮ! ಇತ್ತ ಬುಡದಲ್ಲಿ ಇನ್ನೊಂದು ಗಲಾಟೆ. ಉಳಿದವರು ಜೇಡಿಮಣ್ಣು ಹೊತ್ತು ತಂದು ಜಿನುಗುವ ಬಾಯಿಗೇ ಮೆತ್ತಲು ಹೊರಟಿದ್ದರು. ತೂತು ಕಂಡರೆ ಮುಚ್ಚುವುದು ಯಾರಿಗಾದರೂ ತೋಚುವ ಬುದ್ಧಿಯೇ. ಅತ್ತೆ ಅಡ್ಡ ನಿಂತಳು. "ಮುಚ್ಚಬೇಡ್ರಪ್ಪಾ! ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಡೆ ಒಡೆಯತ್ತೆ. ನೀರು ಹೋಗ್ಲಿ, ಮಣ್ಣು ಮಾತ್ರ ಹೋಗಬಾರದು. ಮರಳು ತನ್ನಿ!"

ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಅಡುಗೆಮನೆಯ ಸೋಸುವ ಬಟ್ಟೆಯ ಲೆಕ್ಕವೇ ಇದು: ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಏರಿಯ ಪಕ್ಕದಲ್ಲಿ ಮರಳು, ಜಲ್ಲಿ ರಾಶಿ ಹಾಕಿಟ್ಟದ್ದಕ್ಕೆ ಅತ್ತೆಯನ್ನು ಊರೆಲ್ಲ ಗೇಲಿ ಮಾಡಿತ್ತು, ಅತ್ತೆ ಅರಮನೆ ಕಟ್ಟಿಸ್ತಾಳಂತೆ ಅಂತ. ಗೇಲಿ ಮಾಡಿದವರೇ ಅಂದು ಆ ರಾಶಿಯನ್ನು ಬುಟ್ಟಿ ಬುಟ್ಟಿ ಹೊತ್ತರು. ಅಷ್ಟರಲ್ಲಿ ಕೋಡಿಯ ಕಡೆಯಿಂದ ಗುಡುಗಿದಂತೆ ಸದ್ದು. ಗೋಡೆ ಕಿತ್ತುಕೊಂಡು ಹೋಯಿತು. ಅದರ ಹಿಂದೆಯೇ ನೀರು ಹುಚ್ಚೆದ್ದು ಹಳ್ಳಕ್ಕೆ ಧುಮುಕಿತು. ಜೊತೆಗಾರರು ತಮ್ಮನನ್ನು ಹಗ್ಗದಲ್ಲಿ ದಡಕ್ಕೆ ಎಳೆದುಕೊಂಡರು.

ಆಮೇಲಿನದು ಕಾಯುವ ಕೆಲಸ. ಅತ್ತೆ ಬುಡದಲ್ಲಿ ಕೂತು ಲೋಟ ತುಂಬಿ ನೋಡುವುದು, ಚೆಲ್ಲುವುದು, ಮತ್ತೆ ತುಂಬುವುದು. ಚಹಾ ಬಣ್ಣ ತೆಳುವಾಯಿತು. ಮಬ್ಬಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಎತ್ತಿ ಹಿಡಿದ ಲೋಟದ ಮೂಲಕ ಆಚೆ ನಿಂತವರ ಮುಖ ಕಾಣಿಸಿತು. "ತಿಳಿಯಾಯ್ತು!" ಎಂದು ಅವಳು ಕೂಗಿದ್ದು ದಿನ್ನೆಯ ಮೇಲಿನ ಶಾಲೆಗೂ ಕೇಳಿಸಿತಂತೆ. ಜನ ಕೇಕೆ ಹಾಕಿದರು, ಒದ್ದೆ ಮೈಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮೈಯೆಲ್ಲ ಕೆಸರಾಗಿದ್ದ ತಮ್ಮ ಬಂದು ಅಕ್ಕನ ಕೈಯಿಂದ ಲೋಟ ಕಸಿದು ಗಟಗಟ ಕುಡಿದುಬಿಟ್ಟ. "ಲೋ ಮಂಕೇ, ಅದು ನೋಡೋಕೆ ಕಣೋ, ಕುಡಿಯೋಕಲ್ಲ!" ಎಂದು ಅತ್ತೆ ಬೆನ್ನಿಗೊಂದು ಗುದ್ದಿದಳು. ಅಲ್ಲಿಗೆ ಮಾತು ಬಿಟ್ಟವರ ಮಾತು ಶುರುವಾಯಿತು. ಕೆಳಬೀದಿಯ ಒಂದು ಮನೆಯ ಹೊಸಿಲೂ ನೆನೆಯಲಿಲ್ಲ.

ತಮ್ಮನ ಸಸಿಗಳು ಆ ವರ್ಷ ತಟ್ಟೆಯಲ್ಲೇ ಒಣಗಿದವು. ಆ ನೋವು ಅವನಿಗೂ ಇತ್ತು, ಅಕ್ಕನಿಗೂ ಇತ್ತು. ಬೇಸಿಗೆಯಲ್ಲಿ ಇಂಜಿನಿಯರಮ್ಮ ನಿಂತು ಏರಿಯ ಬುಡವನ್ನು ಅಗೆಸಿ ಭದ್ರ ಮಾಡಿಸಿದರು. ಏರಿಯ ಮೇಲೆ ಅತ್ತೆಯ ಹೆಸರಿನ ಕಲ್ಲು ನೆಡೋಣವೆಂದು ಊರವರು ಹೊರಟರೆ ಅತ್ತೆ ಹೌಹಾರಿದಳು. "ಏರಿ ತಲೆ ಮೇಲೆ ಗುಂಡಿ ತೋಡ್ತೀರಾ? ನಿಮ್ ಕೈ ಮುರಿಯಾ!"

ಈ ವರ್ಷವೂ ಕೆರೆ ತುಂಬಿದೆ. ಕೋಡಿಯ ಉದ್ದಗಲಕ್ಕೂ ನೀರು ಬಿಳಿ ಹಾಸಿನಂತೆ ಹರಿಯುತ್ತಿದೆ. ನೋಡಲು ಜನ ಸೇರಿದ್ದಾರೆ. ಈಚೆಗೆ ಇಲ್ಲಿ ಹೊಲ ಗುತ್ತಿಗೆಗೆ ಹಿಡಿದ ಬೆಳೆಗಾರನೊಬ್ಬ ನಿಟ್ಟುಸಿರು ಬಿಡುತ್ತಾನೆ: "ಎಷ್ಟೊಂದು ನೀರು ಸುಮ್ನೆ ಹೋಗ್ತಿದೆಯಲ್ಲಪ್ಪ! ನಾಲ್ಕು ಮೂಟೆ ಅಡ್ಡ ಇಟ್ಟಿದ್ರೆ..."

ಕೋಡಿಯ ಅಂಚಿನಲ್ಲಿ ಕಸ ತೆಗೆಯುತ್ತಿದ್ದ ತಮ್ಮ ಥಟ್ಟನೆ ನೆಟ್ಟಗಾಗುತ್ತಾನೆ. "ಮೂಟೆ ಇಡೋನು ಮೊದ್ಲು ನನ್ನನ್ನ ದಾಟಬೇಕು. ಅದು ಸುಮ್ನೆ ಹೋಗೋ ನೀರಲ್ಲ ಅಣ್ಣ. ನಮ್ ಮನೆ ಬಾಗಿಲಿಗೆ ಬರದೇ ಹೋಗ್ತಿರೋ ನೀರು."

ಏರಿಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಅತ್ತೆಯ ಕುಡುಗೋಲು ನಿಲ್ಲುತ್ತದೆ. ಅವಳು ಆ ಕಡೆ ತಿರುಗುವುದಿಲ್ಲ. ಕಣ್ಣು ಮಾತ್ರ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿ ನಿಂತವರಿಗೆ ಮೆಲ್ಲಗೆ ಹೇಳುತ್ತಾಳೆ: "ಕೇಳಿಸ್ತಾ? ನಾನು ಹೇಳಿ ಹೇಳಿ ಗಂಟಲು ಕಟ್ಟಿಸ್ಕೊಂಡ ಮಾತು, ಈಗ ಅವನ ಬಾಯಲ್ಲಿ ಅವನದೇ ಆಗಿದೆ. ಆಗ್ಲಿ, ಅವನದೇ ಆಗ್ಲಿ. ಇನ್ಮೇಲೆ ನಾನು ಜ್ವರ ಬಂದು ಮಲಗಿದ್ರೂ ಏರಿ ಮಲಗಲ್ಲ ಬಿಡಿ."